ಏಳನೆಯ ಪದ

ಮಗಳ ಪಟ್ಟಿಯಲ್ಲಿ ಹತ್ತು ಪದ. ಏಳನೆಯದು ಥ್ರಾಲ್.
'ಪಪ್ಪಾ, ಇದಕ್ಕೆ ಕನ್ನಡದಲ್ಲಿ ಏನು?'
ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.
ಡಿಕ್ಷನರಿ ನನ್ನದೇ, ಗಂಗೊಳ್ಳಿ ಹೈಸ್ಕೂಲಿನ ಕಾಲದ್ದು,
ಮುಹರ್ರಕ್ಕಿನ ಉಪ್ಪುಗಾಳಿಗೆ ಅದರ ಹಾಳೆಯೆಲ್ಲ ಹಪ್ಪಳ.

ಒಂದು: ತೊತ್ತು. ಹುಟ್ಟಾಳು. ಒಡೆಯನ ಸೊತ್ತು.
ಎರಡು: ಹಾಗಿರುವ ಸ್ಥಿತಿ, ಸೆರೆ.
ಮೂರನೆಯದು ಸಣ್ಣ ಅಕ್ಷರದಲ್ಲಿ:
ಮರುಳು ಹಿಡಿದದ್ದು, ಕಣ್ಣು ಕೀಳಲಾಗದೆ ನಿಂತದ್ದು.

'ಮೂರನೆಯದು ಸಾಕು' ಎಂದಳು,
'ಟೀಚರ್ ಕೇಳುವುದು ಅದನ್ನೇ.'

ಸಾಕು ಮಗಳೇ. ಮೊದಲೆರಡು ನನ್ನ ಬಳಿ ಇರಲಿ.
ಸೂಕಿನ ಮೂಲೆಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ,
ಬೆಳಗಿಂದ ಸಂಜೆವರೆಗೆ ಫಾರ್ಮು ತುಂಬುತ್ತೇನೆ.
ಕೆಲಸದವನ ಹೆಸರಿಗೆ ಒಂದು ಕಾಲಂ,
ಕಫೀಲನಿಗೆ ಅದರ ಮೇಲಿನದು.
ಕಫೀಲ್ ಎಂದರೆ ಹೊಣೆ ಹೊತ್ತವನು, ಒಳ್ಳೆಯ ಪದವೇ.
ತೊಟ್ಟಿಲಲ್ಲಿ ಯಾವ ಪದ ಕೆಟ್ಟದ್ದಿರುತ್ತದೆ?

ಜುಲಿಯಾನಾ ಬಾಯಿ ಬಂದದ್ದು ಒಂದು ರಮ್ಜಾನಿನಲ್ಲಿ.
ಶಂಕರಪುರದವರು, ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿದ ಬೆರಳು,
ಕಟ್ಟಲು ಏನೂ ಇಲ್ಲದೆ ಸೆರಗಿನ ತುದಿಯನ್ನೇ ಸುತ್ತುತ್ತಿದ್ದವು.
ಹನ್ನೊಂದು ವರ್ಷದಿಂದ ಪಾಸ್‌ಪೋರ್ಟು ಮೇಡಮ್ಮಿನ ಕಪಾಟಿನಲ್ಲಿ,
ಅತ್ತರಿನ ಸೀಸೆಗಳ ಕೆಳಗೆ.
ಒಂದು ಅರ್ಜಿ ಬರೆದೆ, ಇನ್ನೊಂದು, ಮತ್ತೊಂದು.
ಮೂರನೆಯದಕ್ಕೆ ಅದು ಹೊರಗೆ ಬಂತು,
ಊದಿನ ವಾಸನೆ ಹೊತ್ತು, ಮದುವೆ ಮನೆಯಿಂದ ಬಂದಂತೆ.
ಟಿಕೆಟ್ಟೂ ಆಯಿತು. ಪೆಟ್ಟಿಗೆಗೆ ಹಗ್ಗ ಬಿಗಿದದ್ದೂ ಆಯಿತು.

ಗುರುವಾರ ಬೆಳಿಗ್ಗೆ ನಾನು ಶಟರ್ ಎತ್ತುವ ಮೊದಲೇ
ಮೆಟ್ಟಿಲ ಮೇಲೆ ಕೂತಿದ್ದರು.
'ಕ್ಯಾನ್ಸಲ್ ಮಾಡಿ ಮಾಸ್ಟ್ರೇ.'
ಯಾಕೆ ಎಂದರೆ ಬಹಳ ಹೊತ್ತು ಸುಮ್ಮನಿದ್ದು:
'ಆ ಹುಡುಗನಿಗೆ ಬಾಯಾರಿದರೆ ಉದಾಕ್ ಅನ್ನುತ್ತಾನೆ.
ಅವನ ಅಮ್ಮನಿಗೆ ಅದು ತಿಳಿಯುವುದಿಲ್ಲ.'

ರಿನ್ಯೂವಲ್ ಫಾರ್ಮು ತುಂಬಿದೆ. ಎರಡು ದಿನಾರ್.
ನಾನು ಟೈಪು ಮಾಡಿದ್ದು ಎರಡನೆಯ ಅರ್ಥವನ್ನೋ ಮೂರನೆಯದನ್ನೋ
ಇವತ್ತಿಗೂ ಗೊತ್ತಿಲ್ಲ.
ತೆಗೆದುಕೊಳ್ಳಬಾರದಿತ್ತು ಆ ಎರಡು ದಿನಾರ್.

ಪಕ್ಕದ ಅಂಗಡಿಯ ಮುದುಕ ಬು ರಾಶಿದ್
ಬಲೆಯ ನೂಲು ಮಾರುತ್ತಾರೆ, ಕೊಳ್ಳುವವರಿಲ್ಲ.
ಅವರ ಅಜ್ಜ ಮುತ್ತಿಗೆ ಮುಳುಗಿದವರು.
ಮೂಗಿಗೆ ಚಿಮಟ, ಕಾಲಿಗೆ ಕಲ್ಲು,
ಹಗ್ಗದ ತುದಿ ದೋಣಿಯವನ ಕೈಯಲ್ಲಿ,
ಸಾಲದ ಪುಸ್ತಕ ಅಪ್ಪನಿಂದ ಮಗನಿಗೆ.
'ಆದರೂ ಕೇಳು' ಎನ್ನುತ್ತಾರೆ ಚಹಾದ ಲೋಟ ತಿರುಗಿಸುತ್ತ,
'ಕೆಳಗೆ ಬೆಳಕು ಬಿದ್ದ ಮರಳು ನೋಡುತ್ತ
ಹಗ್ಗ ಜಗ್ಗುವುದನ್ನೇ ಅಜ್ಜ ಮರೆತುಬಿಡುತ್ತಿದ್ದನಂತೆ.
ಮೇಲಿನವ ಗಾಬರಿಯಾಗಿ ಎಳೆದರೆ ಬೈಯುತ್ತಿದ್ದನಂತೆ.'

ನಮ್ಮಲ್ಲಿ ಆಳು ಎಂದರೆ ಕೂಲಿಯವ.
ಅದನ್ನೇ ಅಪ್ಪಣೆಯ ದನಿಯಲ್ಲಿ ಹೇಳಿದರೆ, ರಾಜ್ಯವನ್ನು ಆಳು.
ಉಕಾರ ಬಿಟ್ಟರೆ ಆಳ, ಸೀದಾ ಸಮುದ್ರದ ತಳ.
ಇಂಗ್ಲಿಷಿನವರಿಗೂ ಹೀಗೇ ಆಗಿರಬೇಕು,
ಸಂಕಲೆಗೆ ಇಟ್ಟ ಹೆಸರು
ಎಂದೋ ಬೆರಗಿಗೂ ಅಂಟಿಕೊಂಡು,
ಕೊನೆಗೆ ಬೆರಗೊಂದೇ ಉಳಿದು, ಸಂಕಲೆ
ಸಣ್ಣ ಹುಡುಗಿಯರ ಪರೀಕ್ಷೆಗೆ ಬೇಡದ್ದಾಗಿ.

ನನ್ನದೂ ಇಪ್ಪತ್ತೆರಡು ವರ್ಷ.
ನನ್ನ ಪಾಸ್‌ಪೋರ್ಟು ಯಾರ ಕಪಾಟಿನಲ್ಲೂ ಇಲ್ಲ,
ಅಕ್ಕಿ ಡಬ್ಬದ ಮೇಲೆ, ಕೈಗೆ ಸಿಗುವಂತಿದೆ.
ಸಂಜೆ ಸೇತುವೆಯ ಬಳಿ ನಿಂತರೆ
ನೀರು ಮೀನಿನ ಹೊಟ್ಟೆಯ ಬಣ್ಣಕ್ಕೆ ತಿರುಗುತ್ತದೆ,
ಆಚೆ ದಡದ ಕ್ರೇನುಗಳಲ್ಲಿ ಒಂದೊಂದೇ ಕೆಂಪು ದೀಪ.
ಹೊರಡೋಣ ಎನ್ನುತ್ತಾಳೆ ಮಗಳು, ಎರಡು ಸಲ, ಮೂರು ಸಲ.

ಭಾನುವಾರ ಉತ್ತರಪತ್ರಿಕೆ ಬಂತು.
'ಪದವನ್ನು ವಾಕ್ಯದಲ್ಲಿ ಬಳಸಿ' ಎಂಬಲ್ಲಿ ಬರೆದಿದ್ದಳು:
ನನ್ನ ಅಪ್ಪ ಸಮುದ್ರದ ಮುಂದೆ ಥ್ರಾಲ್ ಆಗಿ ನಿಲ್ಲುತ್ತಾರೆ.
ಟೀಚರ್ ಅರ್ಧ ಅಂಕ ಕಳೆದಿದ್ದಾರೆ,
ಕೆಂಪು ಶಾಯಿಯಲ್ಲಿ ಅಂಚಿಗೆ ಒಂದು ಪ್ರಶ್ನೆ:
ಯಾರಿಗೆ?